ಮನೆಯ ಕ್ರಯವೂ ನೀರಿನ ದಾರಿಯೂ

ಕನ್ನಡನಾಡಿನಲ್ಲಿ ಮನೆ ಅಥವಾ ನಿವೇಶನದ ಕ್ರಯಪತ್ರ ಬರೆಯುವ ಪತ್ರಬರಹಗಾರರು ಇಂದಿಗೂ ಒಂದು ಹಳೆಯ ಸೂತ್ರವನ್ನು ಬಿಟ್ಟಿಲ್ಲ. ಚಕ್ಕುಬಂದಿ, ಅಳತೆ, ಕ್ರಯದ ಮೊತ್ತ ಎಲ್ಲವನ್ನೂ ಬರೆದ ಮೇಲೆ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂದು ಒಂದೇ ಉಸಿರಿನಲ್ಲಿ ಹೇಳಿ, ಅಷ್ಟಭೋಗ ತೇಜಸ್ಸ್ವಾಮ್ಯ ಸಹಿತ ಸ್ವತ್ತನ್ನು ಕೊಟ್ಟಿರುತ್ತದೆ ಎಂದು ಮುಗಿಸುತ್ತಾರೆ. ಎಣಿಸಿದರೆ ಒಂಬತ್ತಾಗುತ್ತದೆ, ತರು ನಡುವೆ ಸೇರಿಕೊಂಡದ್ದು. ಬರೆಯುವವರೂ ಎಣಿಸುವುದಿಲ್ಲ, ಕೊಳ್ಳುವವರೂ ಎಣಿಸುವುದಿಲ್ಲ. ನಮ್ಮ ಶಾಸನಗಳಲ್ಲಿ, ವಿಶೇಷವಾಗಿ ವಿಜಯನಗರ ಕಾಲದ ದಾನಶಾಸನ ಮತ್ತು ಕ್ರಯಶಾಸನಗಳಲ್ಲಿ, ಮತ್ತೆ ಮತ್ತೆ ಕಾಣುವ ಪದಸರಣಿ ಇದು. ಶಾಸನಪಾಠವನ್ನು ಓದಿ ಅಭ್ಯಾಸವಿರುವವರಿಗೆ ನೋಂದಣಿ ಕಚೇರಿಯ ಮುದ್ರಾಂಕ ಕಾಗದದಲ್ಲಿ ಈ ಮಾತುಗಳನ್ನು ಕಂಡಾಗ ಹಳೆಯ ಪರಿಚಿತರನ್ನು ಕಂಡಂತಾಗುತ್ತದೆ.

ಈ ಸೂತ್ರದಲ್ಲಿ ಬರುವ ಜಲ ಎಂಬ ಶಬ್ದವನ್ನು ಎಲ್ಲರೂ ಬಾವಿಯ ನೀರು, ಕೆರೆಯ ನೀರು ಎಂದೇ ತಿಳಿಯುತ್ತಾರೆ. ಭೂಮಿಯ ವಿಷಯದಲ್ಲಿ ಅದು ಸರಿ. ಆದರೆ ಮನೆಯ ವಿಷಯದಲ್ಲಿ ಬರುವ ನೀರಿನಷ್ಟೇ ಹೋಗುವ ನೀರೂ ಮುಖ್ಯ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಸೂರಿನ ನೀರು ಯಾರ ಅಂಗಳಕ್ಕೆ ಬೀಳುತ್ತದೆ, ಮೇಲಿನ ಬೀದಿಯ ಮಳೆನೀರು ಯಾವ ಹಾದಿಯಲ್ಲಿ ಇಳಿದು ಬರುತ್ತದೆ ಎಂಬ ಪ್ರಶ್ನೆಗಳು ಮನೆ ಕೊಳ್ಳುವವನನ್ನು ಕಾಡುವುದು ಸಾಮಾನ್ಯವಾಗಿ ಹಣ ಕೊಟ್ಟ ಮೇಲೆ, ಮೊದಲ ಮಳೆಗಾಲದಲ್ಲಿ. ಬೆಂಗಳೂರಿನಂತಹ ನಗರದಲ್ಲಿ ಜೀವಮಾನದ ಉಳಿತಾಯವನ್ನೆಲ್ಲ ಒಂದು ಮನೆಗೆ ಹಾಕಿದ ಸಂಸಾರಗಳು ಪ್ರತಿ ವರ್ಷ ಮೊಣಕಾಲುದ್ದ ನೀರಿನಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿವೆ. ಈ ಪ್ರಶ್ನೆ ಹೊಸದಲ್ಲ. ನಮ್ಮ ಪೂರ್ವಿಕ ಶಾಸ್ತ್ರಕಾರರು ಇದನ್ನು ಎಷ್ಟು ಲೌಕಿಕವಾಗಿ, ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಚರಂಡಿಯ ಇತಿಹಾಸವೆಂದ ಕೂಡಲೇ ಎಲ್ಲರೂ ಮೊಹೆಂಜೊದಾರೊದಿಂದ ಪ್ರಾರಂಭಿಸುತ್ತಾರೆ. ಇಟ್ಟಿಗೆಯ ಮುಚ್ಚುಚರಂಡಿಗಳು, ಮನೆಮನೆಯ ಸ್ನಾನದ ಕಟ್ಟೆಯಿಂದ ಬೀದಿಯ ಕಾಲುವೆಗೆ ಕೂಡುವ ತೂಬುಗಳು, ಇವೆಲ್ಲ ಶಾಲೆಯ ಪುಸ್ತಕದಿಂದಲೇ ಪರಿಚಿತ. ಆದರೆ ಆ ಮನೆಗಳು ಮಾರಾಟವಾಗುತ್ತಿದ್ದವೇ, ಮಾರಾಟವಾದರೆ ಆ ತೂಬಿನ ಹಕ್ಕು ಯಾರಿಗೆ ಸೇರುತ್ತಿತ್ತು ಎಂಬುದನ್ನು ಆ ಮೂಕ ಇಟ್ಟಿಗೆಗಳು ಹೇಳಲಾರವು. ಅದಕ್ಕೆ ಬರಹ ಬೇಕು. ಬರಹದ ಸಾಕ್ಷ್ಯ ದೊರೆಯುವುದು ಅರ್ಥಶಾಸ್ತ್ರದಲ್ಲಿ.

ಕೌಟಿಲ್ಯನ ಹೆಸರಿನ ಈ ಗ್ರಂಥ ಲೋಕಕ್ಕೆ ಮರಳಿ ದೊರೆತದ್ದು ಮೈಸೂರಿನಲ್ಲಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ಪ್ರಸ್ತುತ ವಿಷಯಕ್ಕೆ ಅದು ಬಾಧಕವೂ ಅಲ್ಲ. ರಾಜ್ಯತಂತ್ರ, ಗೂಢಚಾರರು, ಮಂಡಲಸಿದ್ಧಾಂತ ಇವುಗಳ ಗದ್ದಲದಲ್ಲಿ ಆ ಗ್ರಂಥದ ಮೂರನೆಯ ಅಧಿಕರಣವಾದ ಧರ್ಮಸ್ಥೀಯವನ್ನು ಓದುವವರು ಕಡಿಮೆ. ಅದರ ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳು ವಾಸ್ತುವಿಗೆ ಮೀಸಲು. ಇಲ್ಲಿ ವಾಸ್ತುವೆಂದರೆ ಈಗಿನ ಜನ ಹುಡುಕುವ ಈಶಾನ್ಯ ಮೂಲೆಯ ಶುಭಾಶುಭವಲ್ಲ. ಮನೆ, ಹೊಲ, ತೋಟ, ಅಣೆಕಟ್ಟು, ಕೆರೆ ಎಂಬ ಸ್ಥಿರಸ್ವತ್ತುಗಳು.

ಮನೆ ಕಟ್ಟುವವನಿಗೆ ಅರ್ಥಶಾಸ್ತ್ರ ಹೇಳುವುದು ಬಹುಮಟ್ಟಿಗೆ ನೀರಿನ ಮಾತು. ಹೊಸ ಮನೆಯ ತಳಪಾಯ ನೆರೆಯವನ ಗೋಡೆಯಿಂದ 2 ಅರತ್ನಿ ಅಥವಾ 3 ಪದ ದೂರವಿರಬೇಕು. ಅರತ್ನಿಯೆಂದರೆ 24 ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಅಡಿ. ಕಸದ ಗುಂಡಿ, ಬಚ್ಚಲ ಮೋರಿ, ಬಾವಿ ಇವನ್ನು ಮನೆಗೆ ಅನುಚಿತವಾದ ಜಾಗದಲ್ಲಿ ಮಾಡಿದರೆ ಪೂರ್ವಸಾಹಸ ದಂಡ. ಬಾಣಂತಿಗಾಗಿ 10 ದಿನದ ಮಟ್ಟಿಗೆ ತೋಡುವ ಗುಂಡಿಗೆ ಮಾತ್ರ ವಿನಾಯಿತಿ. ದಂಡಶಾಸ್ತ್ರದ ನಡುವೆ ಈ ಒಂದು ವಿನಾಯಿತಿ ಎದ್ದು ಕಾಣುತ್ತದೆ, ಬರೆದವನಿಗೆ ಸಂಸಾರದ ಪರಿಚಯವಿತ್ತು. ಚೆನ್ನಾಗಿ ಇಳಿಜಾರಾದ ನೀರುಗಾಲುವೆಯನ್ನೋ ನೀರು ಧುಮುಕುವ ದೋಣಿಯನ್ನೋ ನೆರೆಯ ಗೋಡೆಯಿಂದ 3 ಪದ ಅಥವಾ ಒಂದೂವರೆ ಅರತ್ನಿ ಬಿಟ್ಟು ಮಾಡಬೇಕು, ತಪ್ಪಿದರೆ 54 ಪಣ. ಬಂಡಿ, ದನ, ಒಲೆ, ನೀರಿನ ಹಂಡೆ, ಬೀಸುವ ಕಲ್ಲು, ಕುಟ್ಟುವ ಒರಳು ಇವುಗಳಿಗೆ ಬಿಡಬೇಕಾದ ಅಂತರ ಇನ್ನೂ ಸ್ವಲ್ಪ ಕಡಿಮೆ, ತಪ್ಪಿದರೆ 24 ಪಣ. ಮಳೆ ಬರುವಾಗ ಪ್ರಣಾಳಿಯಲ್ಲಿ ನೀರು ಸರಾಗವಾಗಿ ಹರಿದುಹೋಗುವಂತಿರಬೇಕು, ಇಲ್ಲವಾದರೆ 12 ಪಣ. ಮಲಮೂತ್ರದಿಂದ ತೊಂದರೆಯಾದರೆ ಅದರ ಇಮ್ಮಡಿ.

ಬೀದಿಗೂ ನಿಯಮವುಂಟು. ಅದು ಎರಡನೆಯ ಅಧಿಕರಣದಲ್ಲಿ ನಾಗರಿಕನೆಂಬ ಪುರಾಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ಬರುತ್ತದೆ. ಬೀದಿಗೆ ಕಸ ಚೆಲ್ಲಿದರೆ ಪಣದ ಎಂಟನೆಯ ಒಂದು ಭಾಗ, ಕೆಸರುನೀರು ನಿಲ್ಲುವಂತೆ ತಡೆದರೆ ಕಾಲು ಪಣ, ರಾಜಮಾರ್ಗದಲ್ಲಾದರೆ ಎರಡರಷ್ಟು. ಕಸಕ್ಕಿಂತ ನಿಂತ ನೀರಿಗೆ ದಂಡ ಹೆಚ್ಚು ಎಂಬುದನ್ನು ಗಮನಿಸಬೇಕು. ಕಸವನ್ನು ಎತ್ತಿ ಹಾಕಬಹುದು, ತಡೆದ ನೀರು ನೆರೆಯವನ ಗೋಡೆಯನ್ನು ತಿನ್ನುತ್ತದೆ. ಮಣ್ಣಿನ ಗೋಡೆಗಳ ಕಾಲದಲ್ಲಿ ಇದು ಮನೆಯ ಅಳಿವು ಉಳಿವಿನ ಮಾತಾಗಿತ್ತು.

ಇನ್ನು ಮಾರಾಟದ ಕ್ರಮ. ಒಂಬತ್ತನೆಯ ಅಧ್ಯಾಯದ ಪ್ರಕಾರ ಸ್ವತ್ತನ್ನು ಕೊಳ್ಳುವ ಅವಕಾಶ ಮೊದಲು ಜ್ಞಾತಿಗಳಿಗೆ, ಅವರ ನಂತರ ಸಾಮಂತರಿಗೆ, ಅವರ ನಂತರ ಸಾಲ ಕೊಟ್ಟ ಧನಿಕರಿಗೆ, ಕೊನೆಗೆ ಹೊರಗಿನವರಿಗೆ. ಸಾಮಂತ ಶಬ್ದಕ್ಕೆ ಇಲ್ಲಿ ಮಾಂಡಲಿಕ ಅರಸನೆಂಬ ಅರ್ಥವಿಲ್ಲ; ಸುತ್ತ ಅಂತದಲ್ಲಿ ಇರುವವನು, ಅಂದರೆ ನೆರೆಯವನು. ಮನೆಯನ್ನು ಮಾರುವುದಾದರೆ 40 ನೆರೆಮನೆತನಗಳವರ ಎದುರಿನಲ್ಲಿ, ಆ ಮನೆಯ ಮುಂದೆಯೇ ನಿಂತು ಘೋಷಿಸಬೇಕು. ಈ ಬೆಲೆಗೆ ಯಾರು ಕೊಳ್ಳುವಿರಿ ಎಂದು ಮೂರು ಬಾರಿ ಕೂಗಿ, ಯಾರೂ ಆಕ್ಷೇಪಿಸದಿದ್ದರೆ ಕೊಳ್ಳುವವನು ಕೊಳ್ಳಬಹುದು. ಪೈಪೋಟಿಯಿಂದ ಬೆಲೆ ಏರಿದರೆ ಏರಿದ ಭಾಗ ಸುಂಕದೊಡನೆ ಬೊಕ್ಕಸಕ್ಕೆ. ಈ ಕೊನೆಯ ಮಾತಿನಲ್ಲಿ ಕೌಟಿಲ್ಯನ ಮೂಗು ಎತ್ತ ತಿರುಗಿತ್ತೆಂಬುದು ಸ್ಪಷ್ಟ. ಅದಿರಲಿ, 40 ಮನೆಗಳವರ ಎದುರಿನಲ್ಲಿ ಘೋಷಣೆಯಾದಾಗ ಏನಾಗುತ್ತದೆ ಎಂದು ಸ್ವಲ್ಪ ಕಲ್ಪಿಸಿಕೊಳ್ಳೋಣ. ಆ ಮನೆಯ ಮೋರಿ ಆಷಾಢದಲ್ಲಿ ಹಿಂದಕ್ಕೆ ಉಕ್ಕುತ್ತದೆ ಎಂಬುದು ಆ ನಲವತ್ತರಲ್ಲಿ ಒಬ್ಬನಿಗಾದರೂ ತಿಳಿದೇ ಇರುತ್ತದೆ. ಒಡೆಯ ಅದನ್ನು ಮುಚ್ಚಿಟ್ಟು ಮಾರುವುದು ಸುಲಭವಲ್ಲ. ಶಾಸ್ತ್ರಕಾರ ಈ ಕಾರಣವನ್ನು ಬಾಯಿಬಿಟ್ಟು ಹೇಳಿಲ್ಲ. ವ್ಯವಸ್ಥೆಯ ಫಲ ಮಾತ್ರ ಅದೇ.

ಕಾರಣವನ್ನು ಬಾಯಿಬಿಟ್ಟು ಹೇಳಿದವನು ನಮ್ಮ ನಾಡಿನವನೇ ಆದ ವಿಜ್ಞಾನೇಶ್ವರ. ಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಆತ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ದಾಯಭಾಗದ ಪ್ರಸಂಗದಲ್ಲಿ ಮಾತ್ರ ನೆನೆಯುವುದು ನಮಗೆ ರೂಢಿಯಾಗಿದೆ. ಬ್ರಿಟಿಷ್ ನ್ಯಾಯಾಲಯಗಳು ಅದನ್ನೇ ಹೆಚ್ಚು ಬಳಸಿದ್ದರಿಂದ ಹೀಗಾಯಿತು. ಅದೇ ಗ್ರಂಥದಲ್ಲಿ ಸ್ಥಾವರದ ವಿಕ್ರಯದ ಬಗ್ಗೆ ಸೊಗಸಾದ ಚರ್ಚೆಯಿದೆ. ಭೂಮಿ ಕೈಬದಲಾಗುವುದಕ್ಕೆ ಆರು ಅಂಗಗಳು ಬೇಕೆಂಬ ಹಳೆಯ ವಚನವೊಂದನ್ನು ಆತ ಎತ್ತಿಕೊಳ್ಳುತ್ತಾನೆ: ಊರಿನವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಈ ನಾಲ್ವರ ಅನುಮತಿ, ಜೊತೆಗೆ ಹೊನ್ನು ಮತ್ತು ನೀರಿನ ಧಾರೆ. ಸಾಮಾನ್ಯ ವ್ಯಾಖ್ಯಾನಕಾರನಾಗಿದ್ದರೆ ಇದನ್ನು ಅಕ್ಷರಶಃ ವಿಧಿಯೆಂದು ಒಪ್ಪಿ ಮುಂದೆ ಹೋಗುತ್ತಿದ್ದ. ವಿಜ್ಞಾನೇಶ್ವರ ಪ್ರತಿಯೊಂದು ಅಂಗಕ್ಕೂ ಪ್ರಯೋಜನವೇನೆಂದು ಕೇಳುತ್ತಾನೆ. ಊರಿನವರ ಅನುಮತಿ ಬೇಕಾದದ್ದು ವ್ಯವಹಾರ ಬಹಿರಂಗವಾಗಲೆಂದು. ಅವರು ಒಪ್ಪದಿದ್ದರೆ ವ್ಯವಹಾರವೇ ಇಲ್ಲವೆಂದಲ್ಲ. ನೆರೆಯವರ ಅನುಮತಿ ಬೇಕಾದದ್ದು ಎಲ್ಲೆಯ ವಿವಾದ ಮುಂದೆ ತಲೆದೋರದಿರಲೆಂದು. ಸ್ಥಾವರದ ವಿಕ್ರಯವನ್ನು ನಿಷೇಧಿಸುವ ವಚನವೂ ದಾನವನ್ನು ಹೊಗಳುವ ವಚನವೂ ಇರುವುದರಿಂದ, ಮಾರುವುದಾದರೂ ಹೊನ್ನು ನೀರು ಕೊಟ್ಟು ದಾನದ ರೂಪದಲ್ಲಿ ಮಾರಬೇಕೆಂದು ಆ ಧಾರೆ. ಹನ್ನೊಂದು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕುಳಿತು ಬರೆದ ಈ ಸಾಲುಗಳಲ್ಲಿ ಇರುವ ಲೌಕಿಕ ವಿವೇಕ ಅಸಾಧಾರಣವಾದದ್ದು.

ನೆರೆಯವರ ಈ ಮಾತು ನೀರಿಗೂ ಸಲ್ಲುತ್ತದೆಯೇ? ಸಲ್ಲುತ್ತದೆ. ಸೀಮಾವಿವಾದದ ನಿಯಮಗಳನ್ನು ಹೊಲದ ಎಲ್ಲೆಗೆ ಹೇಳಿ ಮುಗಿಸಿದ ಯಾಜ್ಞವಲ್ಕ್ಯ, ಅದೇ ವಿಧಿ ತೋಟ, ಗುಡಿ, ಊರು, ನೀರಿನ ತೊಟ್ಟಿ, ಉದ್ಯಾನ, ಮನೆ ಇವುಗಳಿಗೂ ಮಳೆನೀರು ಹರಿಯುವ ಕಾಲುವೆಗೂ ಅನ್ವಯಿಸುತ್ತದೆ ಎನ್ನುತ್ತಾನೆ. ಎರಡು ಮನೆಗಳ ನಡುವಿನ ಕಾಲುವೆಯ ಬಗ್ಗೆ ಜಗಳವಾದರೆ ಸಾಕ್ಷಿ ಹೇಳಬೇಕಾದವರು ನೆರೆಯವರು, ಊರ ಹಿರಿಯರು. ಬೃಹಸ್ಪತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮನೆ ನೆಲೆಗೊಂಡ ಕಾಲದಿಂದ ಅನುಭವಿಸಿಕೊಂಡು ಬಂದ ಬಾಗಿಲು, ನೀರುದಾರಿ, ಗವಾಕ್ಷಿ, ಪ್ರಣಾಳಿ, ಜಗಲಿ ಇವನ್ನು ಯಾರೂ ಕದಲಿಸಬಾರದೆಂದು ವಿಧಿಸುತ್ತಾನೆ. ಇದು ಹಳೆಯ ಮನೆ ಕೊಂಡವನಿಗೆ ದೊಡ್ಡ ರಕ್ಷಣೆ. ಅದೇ ಹೊತ್ತಿಗೆ ಹೊಸದಾಗಿ ಮಲಮೂತ್ರದ ಗುಂಡಿ, ಕೊಳೆನೀರಿನ ಹಳ್ಳ ತೋಡುವವನು ಪರರ ಗೋಡೆಯಿಂದ 2 ಅರತ್ನಿ ದೂರ ಬಿಡಬೇಕೆಂದು ಕಾತ್ಯಾಯನ ಹೇಳುತ್ತಾನೆ. ಹಳೆಯದಕ್ಕೆ ರಕ್ಷಣೆ, ಹೊಸದಕ್ಕೆ ಅಂತರ.

ಕೊಂಡವನಿಗೆ ಪಶ್ಚಾತ್ತಾಪವಾದರೆ? ಕೊಂಡ ವಸ್ತುವನ್ನು ಪರೀಕ್ಷಿಸಿ ಹಿಂದಿರುಗಿಸಲು ಯಾಜ್ಞವಲ್ಕ್ಯ ಅವಧಿಗಳನ್ನು ಹೇಳಿದ್ದಾನೆ: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1, ಹೊರೆ ಹೊರುವ ಪ್ರಾಣಿಗೆ 5, ರತ್ನಕ್ಕೆ 7, ಕರೆಯುವ ಹಸುವಿಗೆ 3. ದಾಸದಾಸಿಯರನ್ನೂ ಇದೇ ಪಟ್ಟಿಯಲ್ಲಿ ಸೇರಿಸಿರುವುದನ್ನು ಓದುವಾಗ ಮನಸ್ಸು ಮುದುಡುತ್ತದೆ. ಆ ಕಾಲದ ಸತ್ಯ ಅದು. ಮನೆ ಈ ಪಟ್ಟಿಯಲ್ಲಿಲ್ಲ. ಮನು ಸಾಮಾನ್ಯವಾಗಿ ಹೇಳಿದ 10 ದಿನಗಳ ಅವಧಿ ಮನೆ, ಹೊಲ, ವಾಹನ, ಮಂಚ, ಪೀಠ ಮುಂತಾದ, ಬಳಸಿದರೂ ಸವೆಯದ ವಸ್ತುಗಳಿಗೆ ಸಂಬಂಧಿಸಿದ್ದೆಂದು ವಿಜ್ಞಾನೇಶ್ವರ ಸಮನ್ವಯ ಮಾಡುತ್ತಾನೆ. ಹಾಗಾದರೆ ಮನೆ ಕೊಂಡವನಿಗೆ 10 ದಿನಗಳ ಕಾಲಾವಕಾಶ. ಮಾಘದಲ್ಲಿ ಕೊಂಡವನಿಗೆ ಈ ಹತ್ತು ದಿನ ಯಾವ ಪ್ರಯೋಜನಕ್ಕೆ ಬಂದೀತು? ಚರಂಡಿಯ ದೋಷ ಮಳೆಯಲ್ಲಿಯೇ ಕಾಣಬೇಕು. ಇಲ್ಲಿ ಶಾಸ್ತ್ರ ಸೋತಿದೆ ಎಂದೇ ನನಗನ್ನಿಸುತ್ತದೆ. ನೆರೆಯವರ ಬಾಯಿಮಾತೊಂದೇ ಆ ಕೊರತೆಯನ್ನು ತುಂಬಬಲ್ಲದಾಗಿತ್ತು.

ಗ್ರಂಥಗಳಿಂದ ಮನೆಗೇ ಬರೋಣ. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯನ್ನು ನೋಡಿದವರಿಗೆ ಅದರ ನೀರಿನ ವ್ಯವಸ್ಥೆ ಗೊತ್ತಿರುತ್ತದೆ. ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿದು ಮಳೆನೀರೆಲ್ಲ ನಡುವಿನ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯ ಕಲ್ಲುಹಾಸು ಒಂದು ಮೂಲೆಗೆ ತುಸು ಇಳಿಜಾರು. ಆ ಮೂಲೆಯಲ್ಲಿ ಒಂದು ತೂತು, ಅಲ್ಲಿಂದ ಪಡಸಾಲೆಯ ನೆಲದಡಿಯಲ್ಲಿ ಕಲ್ಲಿನ ಕಾಲುವೆ, ಅದು ಜಗಲಿಯ ಕೆಳಗೆ ಬೀದಿಗೆ ತೆರೆಯುತ್ತದೆ. ಮನೆಯ ಅತ್ಯಂತ ಮುಖ್ಯವಾದ ಭಾಗ ಕಣ್ಣಿಗೆ ಕಾಣದ ಈ ಕಾಲುವೆಯೇ. ಅಣ್ಣತಮ್ಮಂದಿರು ಪಾಲಾಗಿ ತೊಟ್ಟಿಯ ನಡುವೆ ಗೋಡೆ ಎದ್ದಾಗ ಒಬ್ಬನ ಪಾಲಿಗೆ ತೂತು ಬರುತ್ತದೆ, ಇನ್ನೊಬ್ಬನ ಪಾಲಿಗೆ ನೀರು ಬರುತ್ತದೆ. ತೂತು ಬಂದವನು ಅದನ್ನು ಮುಚ್ಚಿ ಗಾರೆ ಹಾಕಿಸುತ್ತಾನೆ. ಮುಂದೆ ಆ ಅರ್ಧ ಮನೆಯನ್ನು ಹೊರಗಿನವನೊಬ್ಬ ಕೊಳ್ಳುತ್ತಾನೆ. ಗೋಡೆಗೆ ಹೊಸ ಸುಣ್ಣ ಬಳಿದಿರುತ್ತದೆ. ಮಲೆನಾಡು ಕರಾವಳಿಗಳಲ್ಲಿ ಜಗಳ ಬೇರೆ ಬಗೆಯದು: ಅಲ್ಲಿ ಮಾಡು ಹೊರಕ್ಕೆ ಇಳಿಯುವುದರಿಂದ ಸೂರುನೀರು ಬೀಳುವ ಗೆರೆಯೇ ವಿವಾದದ ಗೆರೆ.

ಇಂತಹ ಜಗಳಗಳಿಗೆ ಬ್ರಿಟಿಷರ ಕಾಲದಲ್ಲಿ ಹೊಸ ಭಾಷೆ ಬಂತು. 1882ರಲ್ಲಿ ಎರಡು ಕಾಯಿದೆಗಳು ಒಂದರ ಬೆನ್ನಿಗೊಂದು ಹುಟ್ಟಿದವು: ನಾಲ್ಕನೆಯದು ಸ್ವತ್ತು ವರ್ಗಾವಣೆ ಕಾಯಿದೆ, ಐದನೆಯದು ಈಸ್‌ಮೆಂಟ್ ಕಾಯಿದೆ, ಅಂದರೆ ಪರರ ಭೂಮಿಯ ಮೇಲೆ ನಮಗಿರುವ ಅನುಭೋಗದ ಹಕ್ಕುಗಳ ಕಾಯಿದೆ. ಎರಡನೆಯದರ ಕರಡಿನ ಹಿಂದೆ ಇದ್ದವನು ವಿಟ್ಲಿ ಸ್ಟೋಕ್ಸ್. ಹಳೆಯ ಐರಿಷ್ ಭಾಷೆಯ ಮಹಾವಿದ್ವಾಂಸನೊಬ್ಬ ಭಾರತದ ಮೋರಿಗಳಿಗೆ ಕಾನೂನು ಬರೆದನೆಂಬುದು ಇತಿಹಾಸದ ವಿನೋದಗಳಲ್ಲೊಂದು. ಈ ಕಾಯಿದೆ ಮೊದಲು ಜಾರಿಯಾದ ಪ್ರದೇಶಗಳು ಮದರಾಸು, ಮಧ್ಯಪ್ರಾಂತ ಮತ್ತು ನಮ್ಮ ಕೊಡಗು. 1891ರಲ್ಲಿ ಅದನ್ನು ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿದರು.

ಮನೆ ಕೊಳ್ಳುವವನಿಗೆ ಈ ಎರಡರಲ್ಲಿ ಕೆಲವು ಅಂಶಗಳು ಇಂದಿಗೂ ಜೀವಂತ. ಎತ್ತರದ ನೆಲದಲ್ಲಿ ಬಿದ್ದು ನಿರ್ದಿಷ್ಟ ಕಾಲುವೆಯಿಲ್ಲದೆ ಸಹಜವಾಗಿ ಇಳಿದುಬರುವ ನೀರನ್ನು ತಗ್ಗಿನ ನೆಲದವನು ಹರಿಯಗೊಡಬೇಕೆಂಬುದು ಸಹಜ ಹಕ್ಕು (7ನೆಯ ಕಲಂ). ಬಚ್ಚಲ ನೀರಿಗೆ ಈ ಹಕ್ಕು ಅನ್ವಯಿಸದು. ಒಂದೇ ಸ್ವತ್ತು ಮಾರಾಟದಿಂದಲೋ ಪಾಲಿನಿಂದಲೋ ಎರಡಾದಾಗ, ಅದಕ್ಕೆ ಮುನ್ನ ಎದ್ದು ಕಾಣುವಂತೆ ನಿರಂತರವಾಗಿ ಬಳಕೆಯಲ್ಲಿದ್ದ ಅನುಕೂಲ ಹೊಸ ಒಡೆಯನಿಗೂ ಮುಂದುವರಿಯುತ್ತದೆ (13ನೆಯ ಕಲಂ). ತೊಟ್ಟಿಮನೆಯ ತಮ್ಮನಿಗೆ ಆಸರೆಯಾಗುವುದು ಇದೇ. ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದು 20 ವರ್ಷ ಹರಿಸಿಕೊಂಡು ಬಂದ ನೀರು ಹಕ್ಕಾಗುತ್ತದೆ (15ನೆಯ ಕಲಂ). ಬೃಹಸ್ಪತಿಯ ನಿವೇಶಕಾಲ ಇಲ್ಲಿ 20 ವರ್ಷಕ್ಕೆ ಇಳಿದಿದೆ. ಪರರ ನೆಲದಲ್ಲಿರುವ ನಮ್ಮ ಕೊಳವೆಯನ್ನು ದುರಸ್ತಿ ಮಾಡಲು ಒಳಗೆ ಹೋಗಿ ಅಗೆಯಬಹುದು, ಆದರೆ ನೆಲವನ್ನು ಮೊದಲಿನಂತೆ ಮಾಡಿಕೊಡಬೇಕು.

ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಮೊದಲ ಮಾತೇ ದೋಷದ ಬಗ್ಗೆ. ಮಾರುವವನಿಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂತಹ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಕಣ್ಣಿಗೆ ಕಾಣುವ ದೋಷವಾದರೆ ನೋಡದಿದ್ದುದು ಕೊಳ್ಳುವವನ ತಪ್ಪು. ಬೇಸಗೆಯಲ್ಲಿ ಒಣಗಿದ ಚರಂಡಿ ಕಾಣುವ ದೋಷವೋ ಕಾಣದ ದೋಷವೋ ಎಂಬುದರ ಮೇಲೆ ವಕೀಲರು ಎಷ್ಟು ಬೇಕಾದರೂ ವಾದಿಸಬಲ್ಲರು. ಗೋಡೆಯ ಕೆಳಭಾಗದಲ್ಲಿ ಮೊಣಕಾಲೆತ್ತರಕ್ಕೆ ಮಾತ್ರ ಬಣ್ಣ ಹೊಸದಾಗಿದ್ದರೆ ಏಕೆಂದು ಕೇಳುವುದು ಸಾಮಾನ್ಯ ಎಚ್ಚರಿಕೆಯೊಳಗೇ ಬರುತ್ತದೆ.

ಬೆಂಗಳೂರಿನಲ್ಲಿ ಈ ಕಥೆಗೆ ಇನ್ನೊಂದು ಮಜಲು ಇದೆ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಮನೆಗಳನ್ನು ಅಲ್ಲಾಡಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜನ ಹೋಗಿ ನೆಲೆಸಿದರು. ಅಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಮನೆಸಾಲುಗಳ ನಡುವೆ ಕನ್ಸರ್ವೆನ್ಸಿ ಗಲ್ಲಿ ಎಂಬ ಕಿರುದಾರಿಯನ್ನು ಬಿಟ್ಟಿದ್ದರು. ಅದು ಯಾರ ದಾರಿ ಎಂಬುದನ್ನು ನಾವು ಹೇಳಲು ಹಿಂಜರಿಯುತ್ತೇವೆ. ಮನೆಯ ಹಿಂಬದಿಯಿಂದ ಬಂದು ಮಲವನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದ ಮನುಷ್ಯರ ದಾರಿ ಅದು. ಮುಂಬಾಗಿಲಿನಿಂದ ಅವರು ಕಾಣಬಾರದೆಂದೇ ಅದನ್ನು ಹಿಂದೆ ಇಟ್ಟದ್ದು. 1970ರ ದಶಕದಲ್ಲಿ, ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕೈಗೊಂಡ ಕ್ರಮವನ್ನು ಕರ್ನಾಟಕದ ಸಾಮಾಜಿಕ ಇತಿಹಾಸ ಮರೆಯಬಾರದು. ಕೇಂದ್ರದ ಕಾಯಿದೆಗಳು 1993 ಮತ್ತು 2013ರಲ್ಲಿ ಬಂದವು. ಮನೆ ಕೊಳ್ಳುವವನು ಶೌಚಗುಂಡಿ ಎಲ್ಲಿದೆ, ಅದನ್ನು ಯಂತ್ರದಿಂದ ತೆಗೆಯಲು ದಾರಿಯಿದೆಯೇ ಎಂದು ಕೇಳಿದರೆ ಅದು ತನ್ನ ಅನುಕೂಲಕ್ಕಾಗಿ ಮಾತ್ರ ಕೇಳಿದ ಪ್ರಶ್ನೆಯಲ್ಲ. ದಾರಿಯಿಲ್ಲದ ಗುಂಡಿಗೆ ಯಾರನ್ನೋ ಇಳಿಸುತ್ತಾರೆ, ಅವರು ಸಾಯುತ್ತಾರೆ.

ಆ ಗಲ್ಲಿಗಳನ್ನು ಈಗ ಅನೇಕ ಕಡೆ ಅಕ್ಕಪಕ್ಕದವರು ಹಂಚಿಕೊಂಡು ಅಡುಗೆಮನೆಯನ್ನೋ ಸ್ಕೂಟರ್ ನಿಲ್ಲಿಸುವ ಜಾಗವನ್ನೋ ಮಾಡಿಕೊಂಡಿದ್ದಾರೆ. ದೊಡ್ಡ ಪ್ರಮಾಣದಲ್ಲಿ ಕೆರೆಗಳಿಗೆ ಆದದ್ದೂ ಇದೇ. ಬೆಂಗಳೂರು ಏಣಿನ ಮೇಲೆ ಕುಳಿತ ಊರು. ಇಲ್ಲಿಯ ಮಳೆನೀರಿನ ಒಂದು ಭಾಗ ಹೆಬ್ಬಾಳ, ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೂ ಇನ್ನೊಂದು ಭಾಗ ವೃಷಭಾವತಿಯ ಮೂಲಕ ಅರ್ಕಾವತಿಗೂ ಇಳಿಯುತ್ತದೆ. ಕೆರೆಯಿಂದ ಕೆರೆಗೆ ಕೋಡಿಯ ನೀರನ್ನು ಒಯ್ಯುತ್ತಿದ್ದ ರಾಜಕಾಲುವೆಗಳೇ ಈ ಊರಿನ ನಿಜವಾದ ಚರಂಡಿ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕಾಲುವೆಯ ಅಂಚಿನಿಂದ ಎಷ್ಟು ದೂರ ಬಿಟ್ಟು ಮನೆ ಕಟ್ಟಬೇಕೆಂಬ ಕೌಟಿಲ್ಯನ ಪ್ರಶ್ನೆ ಇಲ್ಲಿ ಮತ್ತೆ ನ್ಯಾಯಪೀಠವನ್ನು ಏರಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಪ್ರಥಮ, ದ್ವಿತೀಯ, ತೃತೀಯ ದರ್ಜೆಯ ಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರ್ ಎಂದು ವಿಧಿಸಿತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಭಾಗವನ್ನು ತಳ್ಳಿಹಾಕಿತು. 2022ರ ಸೆಪ್ಟೆಂಬರ್ ಮಳೆಯಲ್ಲಿ ನಗರದ ಪೂರ್ವಭಾಗದ ಬಡಾವಣೆಗಳಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳವರು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಹೊರಬಂದುದನ್ನು ನಾವೆಲ್ಲ ನೋಡಿದೆವು.

ಕಾಲುವೆಯನ್ನು ಮುಚ್ಚಬಹುದು, ಕಾಗದದಲ್ಲಿ ಅದರ ಗುರುತನ್ನು ಅಳಿಸುವುದು ಅಷ್ಟು ಸುಲಭವಲ್ಲ. ಬಡಾವಣೆ ಏಳುವ ಮೊದಲು ಆ ನೆಲ ಯಾವುದೋ ಹಳ್ಳಿಯ ಸರ್ವೆ ನಂಬರಾಗಿತ್ತು. ಭೂಮಾಪನ ಇಲಾಖೆಯ ಗ್ರಾಮನಕಾಶೆಯಲ್ಲಿ ಹಳ್ಳ, ಕಾಲುವೆ, ಬಂಡಿದಾರಿಗಳನ್ನು ಎಳೆದಿರುತ್ತಾರೆ. ಪಹಣಿಯಲ್ಲಿ ‘ಬಿ’ ಖರಾಬು ಎಂದು ಇಷ್ಟು ಗುಂಟೆಯನ್ನು ಸಾರ್ವಜನಿಕ ಬಳಕೆಗೆ ಬೇರ್ಪಡಿಸಿರುತ್ತಾರೆ. ಮಾರಾಟಕ್ಕೆಂದು ಮುದ್ರಿಸಿದ ಬಣ್ಣದ ನಕ್ಷೆಯಲ್ಲಿ ಆ ಗುಂಟೆಗಳು ಎಲ್ಲಿ ಹೋದವೆಂದು ಹುಡುಕಬೇಕು. ಕೊಳ್ಳಲು ಹೊರಟ ಮನೆಯನ್ನು ಒಂದು ಒಳ್ಳೆಯ ಮಳೆಯ ಮರುದಿನ ನೋಡುವುದು, ಬೀದಿಯ ಮಟ್ಟ ಹೊಸಿಲಿಗಿಂತ ಮೇಲಿದೆಯೇ ಎಂದು ಗಮನಿಸುವುದು, ಬಚ್ಚಲಿಗೆ ಎರಡು ಕೊಡ ನೀರು ಸುರಿದು ಅದು ಎಲ್ಲಿ ಹೊರಬರುತ್ತದೆ ಎಂದು ಹೊರಗೆ ಹೋಗಿ ನೋಡುವುದು, ಇವೆಲ್ಲ ಸಣ್ಣ ಕೆಲಸಗಳು.

ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಇಂದು ಕ್ರಯಪತ್ರಕ್ಕೆ ಸಾಮಾನ್ಯವಾಗಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸುತ್ತಾರೆ. ಒಬ್ಬ ದಲ್ಲಾಳಿಯ ಕಡೆಯವನು, ಇನ್ನೊಬ್ಬ ಕೊಳ್ಳುವವನ ಬಂಧು. ಪಕ್ಕದ ಮನೆಯವನಿಗೆ ಮಾರಾಟದ ಸುದ್ದಿ ತಿಳಿಯುವುದು ಹಾಲುಕ್ಕಿಸುವ ದಿನ ಬಂದವರು ನೀರು ಕೇಳಿದಾಗ.